ಹಣ ಕೊಟ್ಟು ಕೊಂಡ ಲಿಂಕು, ಗೂಗಲ್ ವಿಧಿಸುವ ಶಿಕ್ಷೆ

2011ರ ಫೆಬ್ರುವರಿ 9, ಬುಧವಾರ. ಅಮೆರಿಕದ ದೊಡ್ಡ ಮಳಿಗೆ ಸಂಸ್ಥೆ ಜೆಸಿ ಪೆನ್ನಿಯ ಜಾಲತಾಣ ಸಂಜೆ ಏಳು ಗಂಟೆಯ ಹೊತ್ತಿಗೆ ಗೂಗಲ್‌ನಲ್ಲಿ ‘ಲಿವಿಂಗ್ ರೂಮ್ ಫರ್ನಿಚರ್’ ಎಂದು ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ಕಾಣುತ್ತಿತ್ತು. ಒಂಬತ್ತು ಗಂಟೆಗೆ ಅದೇ ಪದಗಳನ್ನು ಹಾಕಿ ಹುಡುಕಿದರೆ ಅದು 68ನೇ ಸ್ಥಾನಕ್ಕೆ ಇಳಿದಿತ್ತು. ‘ಸ್ಯಾಮ್ಸೊನೈಟ್ ಕ್ಯಾರಿ ಆನ್ ಲಗೇಜ್’ ಎಂಬ ಹುಡುಕಾಟದಲ್ಲಿ ಸ್ಯಾಮ್ಸೊನೈಟ್ ಕಂಪನಿಯ ತಾಣವನ್ನೇ ಹಿಂದಿಕ್ಕಿ ತಿಂಗಳುಗಟ್ಟಲೆ ಮುಂದಿದ್ದ ಪೆನ್ನಿ, ಆ ಎರಡು ಗಂಟೆಗಳಲ್ಲಿ ಒಂದರಿಂದ 71ಕ್ಕೆ ಬಿದ್ದಿತ್ತು. ಪುಟಕ್ಕೆ ಹತ್ತು ಫಲಿತಾಂಶದ ಲೆಕ್ಕದಲ್ಲಿ ಇದು ಎಂಟನೇ ಪುಟ. ಅಷ್ಟು ದೂರ ಹೋಗಿ ಸೂಟ್‌ಕೇಸ್ ಹುಡುಕುವವರು ಯಾರೂ ಇಲ್ಲ.

ಮೂರು ದಿನಗಳ ಬಳಿಕ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಡೇವಿಡ್ ಸೀಗಲ್ ಬರೆದ ವರದಿ ಕಾರಣವನ್ನು ಬಿಡಿಸಿಟ್ಟಿತು. ಪತ್ರಿಕೆಯ ಕೋರಿಕೆಯ ಮೇರೆಗೆ ತನಿಖೆ ಮಾಡಿದ ಪರಿಣತರಿಗೆ ‘ಕ್ಯಾಶುಯಲ್ ಡ್ರೆಸಸ್’, ‘ಈವ್ನಿಂಗ್ ಡ್ರೆಸಸ್’ ಎಂಬಂಥ ಪದಗಳ ಮೇಲೆ ಪೆನ್ನಿಯ ತಾಣಕ್ಕೆ ಲಿಂಕ್ ಕೊಟ್ಟಿದ್ದ 2,015 ಪುಟಗಳು ಸಿಕ್ಕಿದ್ದವು. ಆ ಪುಟಗಳಿದ್ದದ್ದು ಕಾರು, ನಾಯಿ, ಗೊರಕೆ, ಸ್ನಾನದ ಮನೆಯ ಟೈಲ್ಸ್ ಮುಂತಾದವುಗಳ ಬಗೆಗಿನ ತಾಣಗಳಲ್ಲಿ. ಪರಮಾಣು ಎಂಜಿನಿಯರಿಂಗ್ ಹೆಸರಿನ ತಾಣವೊಂದರಲ್ಲೂ ಹೆಂಗಸರ ಉಡುಪಿನ ಲಿಂಕ್ ಇತ್ತು. ಈ ಲಿಂಕ್‌ಗಳನ್ನು ಹಾಕಿಸಲು ತಾನು ಅನುಮತಿ ಕೊಟ್ಟಿರಲಿಲ್ಲ ಎಂದ ಪೆನ್ನಿ, ತನ್ನ ತಾಣವನ್ನು ಹುಡುಕಾಟದಲ್ಲಿ ಮೇಲೇರಿಸುವ ಕೆಲಸ (ಎಸ್‌ಇಒ) ವಹಿಸಿಕೊಂಡಿದ್ದ ಸಂಸ್ಥೆಯನ್ನು ತೆಗೆದುಹಾಕಿತು. ಆದರೆ ಗೂಗಲ್ ಕೆಳಗಿಳಿಸಿದ್ದು ಲಿಂಕ್ ಹಾಕಿಸಿದವರನ್ನಲ್ಲ, ಪೆನ್ನಿಯ ತಾಣವನ್ನು. ಚಿಕ್ಕದೋ ದೊಡ್ಡದೋ ಒಂದು ಜಾಲತಾಣ ನಡೆಸುವ ಪ್ರತಿಯೊಬ್ಬರೂ ನೆನಪಿಡಬೇಕಾದ ಸಂಗತಿ ಇದು: ಲಿಂಕ್ ಕೊಡಿಸುವವನು ಯಾರೇ ಇರಲಿ, ಶಿಕ್ಷೆ ಬೀಳುವುದು ಡೊಮೇನ್ ಯಾರದೋ ಅವರ ಮೇಲೆ.

ಲಿಂಕ್‌ಗೆ ಬೆಲೆ ಬಂದದ್ದು ಹೇಗೆ

ಗೂಗಲ್‌ಗೆ ಮುಂಚಿನ ಸರ್ಚ್ ಎಂಜಿನ್‌ಗಳು ಮುಖ್ಯವಾಗಿ ಪುಟದೊಳಗಿನ ಪದಗಳನ್ನು ನೋಡುತ್ತಿದ್ದವು. ‘ಅಗ್ಗದ ವಿಮಾನ ಟಿಕೆಟ್’ ಎಂದು ನೂರು ಸಲ ಬರೆದವನಿಗೆ ಅದರಿಂದ ಲಾಭವಾಗುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಬೇರೆ ದಾರಿ ತೋರಿಸಿದರು. ಪುಟದ ಮಾಲೀಕ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತಾನೆ ಎಂಬುದಕ್ಕಿಂತ ಬೇರೆಯವರು ಆ ಪುಟಕ್ಕೆ ಎಷ್ಟು ಲಿಂಕ್ ಕೊಟ್ಟಿದ್ದಾರೆ, ಹಾಗೆ ಕೊಟ್ಟವರ ಯೋಗ್ಯತೆ ಏನು ಎಂಬುದನ್ನು ಲೆಕ್ಕ ಹಾಕುವ ದಾರಿ ಅದು. ಅದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರಿಟ್ಟರು.

ಹೊಸ ಊರಿಗೆ ಬಂದವರು ಒಳ್ಳೆಯ ಡಾಕ್ಟರು ಯಾರು ಎಂದು ಅಕ್ಕಪಕ್ಕದವರನ್ನು ಕೇಳುತ್ತಾರಲ್ಲ, ಇದೂ ಹಾಗೆಯೇ. ಹತ್ತು ಜನ ಒಬ್ಬರದೇ ಹೆಸರು ಹೇಳಿದರೆ ನಂಬಿಕೆ ಬರುತ್ತದೆ. ಆ ಹತ್ತರಲ್ಲಿ ಒಬ್ಬರು ಊರಿನ ಹಳೆಯ ನರ್ಸ್ ಆಗಿದ್ದರೆ ಅವರ ಮಾತಿಗೆ ಇನ್ನಷ್ಟು ತೂಕ. ಹೆಸರು ಹೇಳಿದವರೆಲ್ಲ ಡಾಕ್ಟರಿಂದ ದುಡ್ಡು ಪಡೆದಿದ್ದಾರೆ ಎಂದು ಗೊತ್ತಾದ ಕೂಡಲೇ ಆ ಶಿಫಾರಸಿಗೆ ಏನೂ ಬೆಲೆ ಉಳಿಯುವುದಿಲ್ಲ.

ಪೇಜ್‌ರ‍್ಯಾಂಕ್‌ನ ಲೆಕ್ಕ ಸರಳವಾಗಿ ಹೀಗಿದೆ. ಪ್ರತಿ ಪುಟಕ್ಕೂ ಒಂದು ತೂಕವಿದೆ. ಅದು ತನ್ನ ತೂಕವನ್ನು ತಾನು ಕೊಟ್ಟ ಲಿಂಕ್‌ಗಳಿಗೆಲ್ಲ ಹಂಚುತ್ತದೆ. ಐದು ಲಿಂಕ್ ಕೊಟ್ಟರೆ ಐದು ಪಾಲು, ಐವತ್ತು ಕೊಟ್ಟರೆ ಐವತ್ತು ಪಾಲು. ಪಾಲು ಪಡೆದ ಪುಟದ ತೂಕ ಹೆಚ್ಚುತ್ತದೆ, ಅದು ಮುಂದಿನ ಪುಟಗಳಿಗೆ ಹಂಚುತ್ತದೆ. ಲಿಂಕ್ ಹಿಡಿದು ಹೋಗುವ ಓದುಗ ಎಲ್ಲೋ ಒಂದು ಕಡೆ ಬೇಸತ್ತು ಬೇರೆ ಪುಟಕ್ಕೆ ಹಾರುತ್ತಾನೆ ಎಂದು ಭಾವಿಸಿ, ಪ್ರತಿ ಹೆಜ್ಜೆಯಲ್ಲೂ ಸುಮಾರು ಶೇಕಡ 85ರಷ್ಟು ತೂಕ ಮಾತ್ರ ಮುಂದಕ್ಕೆ ಸಾಗುವಂತೆ ಸೂತ್ರ ರಚಿಸಿದ್ದರು. ಇದರ ಜೊತೆಗೆ ಲಿಂಕ್ ಯಾವ ಪದಗಳ ಮೇಲಿದೆ ಎಂಬುದನ್ನೂ ಗೂಗಲ್ ನೋಡುತ್ತದೆ. ಈ ಪದಗಳಿಗೆ ಆ್ಯಂಕರ್ ಟೆಕ್ಸ್ಟ್ ಎನ್ನುತ್ತಾರೆ. ‘ಇಲ್ಲಿ ಒತ್ತಿ’ ಎಂದಿದ್ದರೆ ಗುರಿಯಲ್ಲಿರುವ ಪುಟದ ವಿಷಯ ತಿಳಿಯುವುದಿಲ್ಲ. ‘ಸಕಲೇಶಪುರ ಹೋಮ್‌ಸ್ಟೇ’ ಎಂದಿದ್ದರೆ ತಿಳಿಯುತ್ತದೆ. ಪೆನ್ನಿಗೆ ಲಾಭ ತಂದದ್ದೂ ಕೊನೆಗೆ ಅದನ್ನು ಹಿಡಿದುಕೊಟ್ಟದ್ದೂ ಈ ಪದಗಳೇ.

ಮಾರುಕಟ್ಟೆ ಹುಟ್ಟಿದ್ದು

2000ನೇ ಇಸವಿಯ ಕೊನೆಗೆ ಬಂದ ಗೂಗಲ್ ಟೂಲ್‌ಬಾರ್ ಪ್ರತಿ ಪುಟದ ಪೇಜ್‌ರ‍್ಯಾಂಕನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಾಗಿ ಎಲ್ಲರಿಗೂ ತೋರಿಸತೊಡಗಿತು. ಅಂಕಿ ಕಣ್ಣಿಗೆ ಬಿದ್ದ ಮೇಲೆ ಅದಕ್ಕೆ ದರ ನಿಗದಿಯಾಯಿತು. ಏಳರ ಪುಟದಿಂದ ಒಂದು ಲಿಂಕ್‌ಗೆ ಇಷ್ಟು, ಐದರ ಪುಟದಿಂದ ಇಷ್ಟು ಎಂಬ ವ್ಯಾಪಾರ ಶುರುವಾಯಿತು. ಒಕ್ಲಹೋಮಾದ ಸರ್ಚ್‌ಕಿಂಗ್ ಎಂಬ ಸಂಸ್ಥೆ 2002ರಲ್ಲಿ ಪೇಜ್‌ರ‍್ಯಾಂಕ್ ಆಧಾರದ ಮೇಲೆಯೇ ಜಾಹೀರಾತು ಲಿಂಕ್ ಮಾರುವ ಜಾಲ ತೆರೆಯಿತು. ಸ್ವಲ್ಪ ಕಾಲದಲ್ಲೇ ಅದರ ಪೇಜ್‌ರ‍್ಯಾಂಕ್ ಕುಸಿಯಿತು. ಸಂಸ್ಥೆ ಗೂಗಲ್ ಮೇಲೆ ಮೊಕದ್ದಮೆ ಹೂಡಿತು. 2003ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಪೇಜ್‌ರ‍್ಯಾಂಕ್ ಎಂಬುದು ಗೂಗಲ್‌ನ ಅಭಿಪ್ರಾಯ, ಅದಕ್ಕೆ ಅಮೆರಿಕದ ಸಂವಿಧಾನದ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದಿತು.

ಸಾರ್ವಜನಿಕರಿಗೆ ಅಂಕಿ ತೋರಿಸುವುದನ್ನು ಗೂಗಲ್ 2016ರಲ್ಲಿ ಪೂರ್ತಿ ನಿಲ್ಲಿಸಿತು. ಆದರೆ ಮಾರುಕಟ್ಟೆ ನಿಲ್ಲಲಿಲ್ಲ. ಈಗ ಅದು ‘ಡಿಎ’ ಎಂಬ ಇನ್ನೊಂದು ಅಂಕಿ ಹಿಡಿದು ನಡೆಯುತ್ತಿದೆ. ಡಿಎ ಎಂದರೆ ಡೊಮೇನ್ ಅಥಾರಿಟಿ. ಮಾಜ್ ಎಂಬ ಖಾಸಗಿ ಕಂಪನಿ ತನ್ನದೇ ಲೆಕ್ಕದಲ್ಲಿ ನೂರರವರೆಗೆ ಕೊಡುವ ಅಂಕ ಇದು. ಗೂಗಲ್ ಇದನ್ನು ಬಳಸುವುದಿಲ್ಲ. ‘ಡಿಎ 50 ಇರುವ ತಾಣದಿಂದ ಲಿಂಕ್ ಕೊಡಿಸುತ್ತೇವೆ’ ಎನ್ನುವವರು ಮಾರುತ್ತಿರುವುದು ಗೂಗಲ್‌ಗೆ ಸಂಬಂಧವೇ ಇಲ್ಲದ ಒಂದು ಅಂಕಿಯನ್ನು.

ಸ್ವಲ್ಪ ಓದುಗರನ್ನು ಸಂಪಾದಿಸಿದ ಯಾವುದೇ ಬ್ಲಾಗಿಗೂ, ಕನ್ನಡದ್ದಾದರೂ ಸರಿ, ಬರುವ ಇಮೇಲ್‌ಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅವುಗಳ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: ‘ನಮಸ್ಕಾರ, ನಿಮ್ಮ ಬ್ಲಾಗ್ ನೋಡಿದೆ, ಬಹಳ ಚೆನ್ನಾಗಿದೆ. ಒಂದು ಗೆಸ್ಟ್ ಪೋಸ್ಟ್ ಹಾಕಲು ಎಷ್ಟು ತೆಗೆದುಕೊಳ್ಳುತ್ತೀರಿ? ಲೇಖನ ನಾವೇ ಕೊಡುತ್ತೇವೆ. ಲಿಂಕ್ ಡುಫಾಲೋ ಇರಬೇಕು. ಸ್ಪಾನ್ಸರ್ಡ್ ಎಂದು ಹಾಕಬಾರದು. ಪೋಸ್ಟ್ ಶಾಶ್ವತವಾಗಿರಬೇಕು.’ ಹೊಗಳಿಕೆ ಇರುವ ಸಾಲಿನಲ್ಲಿ ಬ್ಲಾಗಿನ ಯಾವ ಲೇಖನದ ಹೆಸರೂ ಇರುವುದಿಲ್ಲ. ಇನ್ನುಳಿದ ಮೂರು ಷರತ್ತುಗಳಲ್ಲಿ ಇಡೀ ವ್ಯವಹಾರ ಇದೆ. ಡುಫಾಲೋ ಬೇಕು ಎಂದರೆ ಸರ್ಚ್ ಎಂಜಿನ್ ಈ ಲಿಂಕನ್ನು ನಿಜವಾದ ಶಿಫಾರಸು ಎಂದು ಎಣಿಸಬೇಕು. ಸ್ಪಾನ್ಸರ್ಡ್ ಬೇಡ ಎಂದರೆ ಹಣ ಕೊಟ್ಟದ್ದು ಓದುಗನಿಗೂ ಗೂಗಲ್‌ಗೂ ತಿಳಿಯಬಾರದು. ಶಾಶ್ವತ ಎಂದರೆ ಒಂದು ಸಲ ಕೊಟ್ಟ ದುಡ್ಡಿಗೆ ನಿಮ್ಮ ತಾಣದ ಹೆಸರನ್ನು ಕಾಯಂ ಬಳಸಿಕೊಳ್ಳಬೇಕು. ಲಿಂಕ್ ಯಾವುದಕ್ಕೆ ಎಂದು ಕೇಳಿದರೆ ಬೆಟ್ಟಿಂಗ್ ಆ್ಯಪ್ ಅಥವಾ ಸಾಲದ ಆ್ಯಪ್‌ನ ಹೆಸರು ಬರುವುದೂ ಉಂಟು.

ವ್ಯಾಪಾರ ನಗದಿನಲ್ಲೇ ನಡೆಯಬೇಕೆಂದಿಲ್ಲ. ಲಿಂಕ್ ಹಾಕಿದರೆ ಉಚಿತ ಸಾಮಾನು, ‘ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ’ ಎಂಬ ವಿಪರೀತ ವಿನಿಮಯ, ಲಿಂಕ್ ತುಂಬಿದ ಒಂದೇ ಲೇಖನವನ್ನು ಹತ್ತಾರು ತಾಣಗಳಿಗೆ ಹಂಚುವುದು, ಅವಧಿ ಮುಗಿದ ಹಳೆಯ ಡೊಮೇನ್‌ಗಳನ್ನು ಕೊಂಡು ಅವುಗಳಿಂದ ತಮ್ಮ ತಾಣಕ್ಕೇ ಲಿಂಕ್ ಕೊಟ್ಟುಕೊಳ್ಳುವ ಖಾಸಗಿ ಬ್ಲಾಗ್ ಜಾಲ, ಇವೆಲ್ಲ ಇದರ ಬಗೆಗಳೇ. 2011ರ ಫೆಬ್ರುವರಿಯಲ್ಲೇ ಓವರ್‌ಸ್ಟಾಕ್ ಎಂಬ ಆನ್‌ಲೈನ್ ಅಂಗಡಿಯೂ ಕೆಳಗಿಳಿಯಿತು. ಅದು ಲಿಂಕ್‌ಗೆ ಹಣ ಕೊಟ್ಟಿರಲಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ತಾಣಗಳಲ್ಲಿ ತನಗೆ ಲಿಂಕ್ ಹಾಕಿದರೆ ಅಲ್ಲಿನ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ರಿಯಾಯಿತಿ ಕೊಡುತ್ತೇನೆ ಎಂದಿತ್ತು. ಗೂಗಲ್‌ನ ಕಣ್ಣಿಗೆ ರಿಯಾಯಿತಿಯೂ ಬೆಲೆಯೇ.

ತಪ್ಪು ಯಾವುದು, ತಪ್ಪಲ್ಲದ್ದು ಯಾವುದು

ಲಿಂಕ್‌ಗಾಗಿ ಹಣ ಪಡೆಯುವುದೇ ಅಪರಾಧ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಜಾಹೀರಾತು, ಪ್ರಾಯೋಜಿತ ಬರಹ ವೆಬ್‌ನ ಸಹಜ ಭಾಗ ಎಂದು ಗೂಗಲ್‌ನ ನಿಯಮಗಳೇ ಒಪ್ಪುತ್ತವೆ. ಹಣದ ಲಿಂಕನ್ನು ಹಣದ ಲಿಂಕ್ ಎಂದು ಗುರುತು ಮಾಡದೆ, ಅದರಿಂದ ಸರ್ಚ್‌ನಲ್ಲಿ ಮೇಲೇರಲು ನೋಡುವುದು ತಪ್ಪು.

ಗುರುತು ಮಾಡುವ ವಿಧಾನ ಕಷ್ಟದ್ದಲ್ಲ. 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಸೇರಿ ‘ನೋಫಾಲೋ’ ಎಂಬ ಗುರುತನ್ನು ಒಪ್ಪಿಕೊಂಡವು. ಬ್ಲಾಗ್‌ಗಳಲ್ಲಿ ಓದುಗರ ಪ್ರತಿಕ್ರಿಯೆಯ ಜಾಗದಲ್ಲಿ ಸುರಿಯುತ್ತಿದ್ದ ಕಸದ ಲಿಂಕ್‌ಗಳನ್ನು ನಿಷ್ಪ್ರಯೋಜಕ ಮಾಡುವುದು ಆಗಿನ ಉದ್ದೇಶ. ಮುಂದೆ ಅದೇ ಗುರುತು ಹಣದ ಲಿಂಕ್‌ಗಳಿಗೂ ಬಂತು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇನ್ನೆರಡನ್ನು ಸೇರಿಸಿತು: ಹಣ ಅಥವಾ ಬೇರೆ ಪ್ರತಿಫಲ ಪಡೆದ ಲಿಂಕ್‌ಗೆ ‘ಸ್ಪಾನ್ಸರ್ಡ್’, ಓದುಗರು ತಾವೇ ಹಾಕಿದ ಲಿಂಕ್‌ಗೆ ‘ಯುಜಿಸಿ’.

ಕೋಡ್‌ನಲ್ಲಿ ಇದು ಒಂದು ಪದದ ಕೆಲಸ. ಲಿಂಕ್‌ನ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ‘ಎಚ್‌ರೆಫ್’ ಎಂಬಲ್ಲಿ ವಿಳಾಸ ಇರುತ್ತದೆ. ಅದರ ಪಕ್ಕದಲ್ಲೇ ‘ರೆಲ್’ ಎಂದು ಬರೆದು, ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯೊಳಗೆ ‘ಸ್ಪಾನ್ಸರ್ಡ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಮುಗಿಯಿತು. ಬ್ಲಾಗರ್‌ನಲ್ಲಿ ಲಿಂಕ್ ಸೇರಿಸುವ ಕಿಟಕಿಯಲ್ಲೇ ನೋಫಾಲೋಗೆ ಒಂದು ಟಿಕ್ ಬಾಕ್ಸ್ ಇದೆ. ವರ್ಡ್‌ಪ್ರೆಸ್‌ನಲ್ಲಿ ಎಸ್‌ಇಒ ಪ್ಲಗಿನ್ ಹಾಕಿಕೊಂಡವರಿಗೂ ಇಂಥ ಆಯ್ಕೆ ಸಿಗುತ್ತದೆ. ಅಮೆಜಾನ್‌ನಂಥ ಅಂಗಡಿಗಳ ಕಮಿಷನ್ ಲಿಂಕ್‌ಗಳಿಗೂ ಈ ಗುರುತು ಬೇಕು.

ಇದು ಯಂತ್ರಕ್ಕೆ ಹೇಳುವ ಮಾತು. ಓದುಗರಿಗೆ ಹೇಳಬೇಕಾದದ್ದು ಬೇರೆ ಇದೆ. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಡಿಜಿಟಲ್ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿ, ಹಣ ಅಥವಾ ಉಚಿತ ವಸ್ತು ಪಡೆದು ಹಾಕಿದ ಬರಹವನ್ನು ಜಾಹೀರಾತು ಎಂದು ಎದ್ದು ಕಾಣುವಂತೆ ತಿಳಿಸಬೇಕೆಂದಿತು. ಲೇಖನದ ತಲೆಯಲ್ಲೇ ‘ಇದು ಪ್ರಾಯೋಜಿತ ಬರಹ’ ಎಂದು ಹಾಕುವುದು, ಕೋಡ್‌ನಲ್ಲಿ ಗುರುತು ಸೇರಿಸುವುದು, ಎರಡನ್ನೂ ಮಾಡಿದರೆ ಪ್ರಾಮಾಣಿಕವಾಗಿ ಹಣ ಪಡೆಯಬಹುದು.

ಸಿಕ್ಕಿಬೀಳುವುದು ಹೇಗೆ

ಹಣ ಕೈ ಬದಲಾದದ್ದನ್ನು ಗೂಗಲ್ ಕಾಣಲಾರದು. ಅದು ನೋಡುವುದು ಲಿಂಕ್‌ಗಳ ನಡವಳಿಕೆಯನ್ನು. ಜನ ತಾವಾಗಿ ಲಿಂಕ್ ಕೊಡುವಾಗ ಒಬ್ಬರು ಅಂಗಡಿಯ ಹೆಸರು ಬರೆಯುತ್ತಾರೆ, ಒಬ್ಬರು ಬರೀ ವಿಳಾಸ ಅಂಟಿಸುತ್ತಾರೆ, ಇನ್ನೊಬ್ಬರು ‘ಇವರ ಹತ್ತಿರ ಕೊಂಡೆ’ ಎನ್ನುತ್ತಾರೆ. ದುಡ್ಡು ಕೊಟ್ಟು ಹಾಕಿಸಿದಾಗ ಮಾತ್ರ ನೂರಾರು ಕಡೆ ‘ಬೆಂಗಳೂರಿನಲ್ಲಿ ಅಗ್ಗದ ಪ್ಯಾಕರ್ಸ್ ಅಂಡ್ ಮೂವರ್ಸ್’ ಎಂಬ ಒಂದೇ ಸಾಲು ಅಕ್ಷರ ತಪ್ಪದೆ ಬರುತ್ತದೆ. ವಿಷಯಕ್ಕೆ ಸಂಬಂಧವಿಲ್ಲದ ತಾಣಗಳಿಂದ ಲಿಂಕ್ ಬರುವುದು, ಹೊಸ ತಾಣಕ್ಕೆ ಕೆಲವೇ ದಿನಗಳಲ್ಲಿ ರಾಶಿ ಲಿಂಕ್ ಬಂದು ಆಮೇಲೆ ಒಮ್ಮೆಲೇ ನಿಂತುಹೋಗುವುದು, ಒಂದೇ ಪುಟದಲ್ಲಿ ದಂತ ಚಿಕಿತ್ಸೆ, ಕ್ಯಾಸಿನೊ, ಸಾಲ ಮೂರಕ್ಕೂ ಲಿಂಕ್ ಇರುವುದು, ಇವೂ ಎದ್ದು ಕಾಣುವ ಲಕ್ಷಣಗಳು. ಲಿಂಕ್ ಮಾರುವ ತಾಣ ಒಬ್ಬರಿಗೇ ಮಾರುವುದಿಲ್ಲ. ಆದ್ದರಿಂದ ಅದರ ಗಿರಾಕಿಗಳಲ್ಲಿ ಒಬ್ಬ ಸಿಕ್ಕಿದರೆ ಉಳಿದವರ ಜಾಡೂ ಸಿಗುತ್ತದೆ. ಇದರ ಮೇಲೆ, ಪ್ರತಿಸ್ಪರ್ಧಿಗಳು ದೂರು ಕೊಡುವುದಕ್ಕೂ ಗೂಗಲ್ ಅವಕಾಶ ಇಟ್ಟಿದೆ.

2012ರ ಏಪ್ರಿಲ್ 24ರಂದು ಗೂಗಲ್ ಹೊರತಂದ ‘ಪೆಂಗ್ವಿನ್’ ಈ ಪತ್ತೆ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಅಲ್ಗಾರಿದಂಗೆ ಒಪ್ಪಿಸಿತು. ಇಂಗ್ಲಿಷ್ ಹುಡುಕಾಟಗಳಲ್ಲಿ ಸುಮಾರು ಶೇಕಡ 3.1ರಷ್ಟರ ಮೇಲೆ ಅದರ ಪರಿಣಾಮವಾಯಿತು ಎಂದು ಗೂಗಲ್ ಹೇಳಿತು. ಆಗ ಪೆಂಗ್ವಿನ್ ಆಗೊಮ್ಮೆ ಈಗೊಮ್ಮೆ ಓಡುತ್ತಿತ್ತು. ಒಮ್ಮೆ ಬಿದ್ದವರು ಎಲ್ಲ ಸರಿಪಡಿಸಿಕೊಂಡರೂ ಮುಂದಿನ ಓಟದವರೆಗೆ ಕಾಯಬೇಕಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಅದು ಗೂಗಲ್‌ನ ಮುಖ್ಯ ವ್ಯವಸ್ಥೆಯ ಭಾಗವಾಗಿ ಸದಾ ಚಾಲೂ ಇರುವಂತಾಯಿತು. ತಾಣವನ್ನೇ ಕೆಳಗೆ ತಳ್ಳುವ ಬದಲು ಕೆಟ್ಟ ಲಿಂಕ್‌ಗಳ ತೂಕವನ್ನು ಕಳೆಯುವ ಕ್ರಮ ಬಂತು. 2022ರ ಡಿಸೆಂಬರ್‌ನಿಂದ ‘ಸ್ಪ್ಯಾಮ್‌ಬ್ರೇನ್’ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಲಿಂಕ್ ಕೊಳ್ಳುವ ತಾಣಗಳನ್ನೂ ಲಿಂಕ್ ಸಾಗಿಸಲೆಂದೇ ಇರುವ ತಾಣಗಳನ್ನೂ ಗುರುತಿಸುತ್ತಿದೆ.

ಈ ಹೋರಾಟ ಗೂಗಲ್ ಒಂದರದ್ದೇ ಅಲ್ಲ. ರಷ್ಯಾದಲ್ಲಿ ಲಿಂಕ್ ಮಾರಾಟ ದೊಡ್ಡ ಉದ್ಯಮವಾಗಿ ಬೆಳೆದಿತ್ತು. ಅಲ್ಲಿನ ಸರ್ಚ್ ಎಂಜಿನ್ ಯಾಂಡೆಕ್ಸ್ 2015ರ ಮೇ ತಿಂಗಳಲ್ಲಿ ‘ಮಿನುಸಿನ್ಸ್ಕ್’ ಎಂಬ ಅಲ್ಗಾರಿದಂ ತಂದು, ಕೊಂಡ ಲಿಂಕ್‌ಗಳ ಮೇಲೆ ನಿಂತ ತಾಣಗಳನ್ನು ಕೆಳಗಿಳಿಸಿತು.

ಶಿಕ್ಷೆಯಲ್ಲಿ ಎರಡು ಬಗೆ

ಮೊದಲನೆಯದು ಗೂಗಲ್‌ನ ಸಿಬ್ಬಂದಿ ಕಣ್ಣಾರೆ ನೋಡಿ ಕೈಗೊಳ್ಳುವ ಕ್ರಮ. ಇದಕ್ಕೆ ‘ಮ್ಯಾನುಯಲ್ ಆ್ಯಕ್ಷನ್’ ಎಂದು ಹೆಸರು. ಇದಾದರೆ, ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ‘ಸರ್ಚ್ ಕನ್ಸೋಲ್’ ಎಂಬ ಸಾಧನದಲ್ಲಿ ನೋಟಿಸ್ ಬರುತ್ತದೆ. ಶಿಕ್ಷೆ ಕೆಲವು ಪುಟಗಳಿಗೆ ಮಾತ್ರವೇ ಇಡೀ ತಾಣಕ್ಕೇ ಎಂಬುದೂ ಅದರಲ್ಲಿ ಇರುತ್ತದೆ. ಎರಡನೆಯದು ಅಲ್ಗಾರಿದಂ ತಾನಾಗಿ ಮಾಡುವುದು. ಇದಕ್ಕೆ ನೋಟಿಸ್ ಇಲ್ಲ, ಮೇಲ್ಮನವಿಯೂ ಇಲ್ಲ. ಲಿಂಕ್‌ಗಳು ಕೊಡುತ್ತಿದ್ದ ಬಲ ಇಲ್ಲವಾಗಿ ತಾಣ ಕೆಳಗಿಳಿಯುತ್ತದೆ. ಹಾಗೆ ಹೋದ ಬಲ ಮರಳಿ ಬರುವುದಿಲ್ಲ. ಲಿಂಕ್‌ಗೆ ಕೊಟ್ಟ ಹಣ ಹೋದ ಹಾಗೆಯೇ.

ಮೊದಲ ಬಗೆಯ ಶಿಕ್ಷೆ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಬ್ರಿಟನ್ನಿನ ಹೂ ಮಾರಾಟ ಸಂಸ್ಥೆ ಇಂಟರ್‌ಫ್ಲೋರಾ ಸಾಕ್ಷಿ. 2013ರ ಪ್ರೇಮಿಗಳ ದಿನ ಮುಗಿದ ಮರುವಾರ ಆ ತಾಣ ಗೂಗಲ್‌ನಲ್ಲಿ ತನ್ನದೇ ಹೆಸರು ಹಾಕಿ ಹುಡುಕಿದರೂ ಸಿಗದಂತಾಯಿತು. ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಅದರ ಜಾಹೀರಾತು ಬರಹಗಳು ಗುರುತಿಲ್ಲದ ಲಿಂಕ್‌ಗಳೊಂದಿಗೆ ಪ್ರಕಟವಾಗಿದ್ದನ್ನು ಎಸ್‌ಇಒ ಪರಿಣತರು ಪತ್ತೆ ಹಚ್ಚಿದರು. ಬ್ಲಾಗಿಗರಿಗೆ ಹೂಗುಚ್ಛ ಕಳಿಸಿ ಬರೆಸಿದ್ದೂ ಬೆಳಕಿಗೆ ಬಂತು. ಹನ್ನೊಂದು ದಿನಗಳ ನಂತರ ತಾಣ ಮರಳಿತು. ಹೂವಿನ ವ್ಯಾಪಾರಕ್ಕೆ ದೊಡ್ಡ ದಿನವಾದ ಬ್ರಿಟನ್ನಿನ ತಾಯಂದಿರ ದಿನ, ಮಾರ್ಚ್ 10, ಆಗ ಹತ್ತಿರವೇ ಇತ್ತು. ಲಿಂಕ್ ಮಾರಿದ ಪತ್ರಿಕೆಗಳೂ ಪಾರಾಗಲಿಲ್ಲ. ಅವುಗಳ ಪೇಜ್‌ರ‍್ಯಾಂಕ್ ಅಂಕಿ ಇಳಿಯಿತು. ಮಾರಿದವರಿಗೆ ಬೀಳುವ ನೋಟಿಸ್‌ನ ತಲೆಬರಹವೇ ಬೇರೆ: ‘ನಿಮ್ಮ ತಾಣದಿಂದ ಹೊರಹೋಗುವ ಅಸಹಜ ಲಿಂಕ್‌ಗಳು’. ಅಂಥ ತಾಣದ ಲಿಂಕ್‌ಗಳನ್ನು ಗೂಗಲ್ ನಂಬುವುದನ್ನೇ ಬಿಟ್ಟರೆ, ಅದು ಪ್ರಾಮಾಣಿಕವಾಗಿ ಕೊಟ್ಟ ಲಿಂಕ್‌ಗಳೂ ವ್ಯರ್ಥವಾಗುತ್ತವೆ.

ಗೂಗಲ್ ತನ್ನ ಮೇಲೂ ಈ ನಿಯಮ ಹೇರಿಕೊಂಡಿದೆ. 2009ರಲ್ಲಿ ಗೂಗಲ್ ಜಪಾನ್ ತನ್ನ ಸೌಲಭ್ಯವೊಂದರ ಪ್ರಚಾರಕ್ಕೆ ಬ್ಲಾಗಿಗರಿಗೆ ಹಣ ಕೊಟ್ಟು ಬರೆಸಿದ್ದು ಗೊತ್ತಾದಾಗ, ಅದರ ಪೇಜ್‌ರ‍್ಯಾಂಕ್ ಒಂಬತ್ತರಿಂದ ಐದಕ್ಕೆ ಇಳಿಯಿತು. 2012ರ ಜನವರಿಯಲ್ಲಿ ಕ್ರೋಮ್ ಬ್ರೌಸರ್‌ಗಾಗಿ ನಡೆದ ಪ್ರಾಯೋಜಿತ ಬರಹಗಳ ಪ್ರಚಾರದಲ್ಲಿ ಗುರುತಿಲ್ಲದ ಲಿಂಕ್ ಕಂಡುಬಂದದ್ದಕ್ಕೆ, ಕ್ರೋಮ್‌ನ ಪುಟವನ್ನು ಕನಿಷ್ಠ 60 ದಿನ ಕೆಳಗಿಡಲಾಯಿತು.

ಬಿದ್ದವರು ಏಳುವ ದಾರಿ

ಸ್ಥಾನ ಕುಸಿದ ಕೂಡಲೇ ಶಿಕ್ಷೆ ಎಂದು ತೀರ್ಮಾನಿಸಬೇಡಿ. ತಾಣದ ವಿನ್ಯಾಸ ಬದಲಾದದ್ದು, ಸರ್ವರ್ ತೊಂದರೆ, ಗೂಗಲ್‌ನ ಸಾಮಾನ್ಯ ಅಪ್‌ಡೇಟ್, ಹೀಗೆ ಕಾರಣಗಳು ಹಲವು ಇರಬಹುದು. ಮೊದಲು ಸರ್ಚ್ ಕನ್ಸೋಲ್‌ಗೆ ಹೋಗಿ ‘ಮ್ಯಾನುಯಲ್ ಆ್ಯಕ್ಷನ್ಸ್’ ಪುಟ ತೆರೆಯಿರಿ. ಅದು ಉಚಿತ. ಅಲ್ಲಿ ಏನೂ ಇಲ್ಲದಿದ್ದರೆ ನಿಮ್ಮ ತಾಣದ ಮೇಲೆ ಸಿಬ್ಬಂದಿ ಕೈಗೊಂಡ ಕ್ರಮ ಇಲ್ಲ ಎಂದರ್ಥ.

ನೋಟಿಸ್ ಇದ್ದರೆ ಕೆಲಸ ಈ ಕ್ರಮದಲ್ಲಿ ನಡೆಯಲಿ.

ಒಂದು: ಕನ್ಸೋಲ್‌ನ ‘ಲಿಂಕ್ಸ್’ ವಿಭಾಗದಿಂದ ನಿಮ್ಮ ತಾಣಕ್ಕೆ ಬಂದಿರುವ ಲಿಂಕ್‌ಗಳ ಪಟ್ಟಿ ಇಳಿಸಿಕೊಳ್ಳಿ. ಸ್ಪ್ರೆಡ್‌ಶೀಟ್‌ನಲ್ಲಿ ಡೊಮೇನ್‌ವಾರು ಜೋಡಿಸಿ. ಯಾವುದಕ್ಕೆ ಹಣ ಹೋಗಿದೆ, ಯಾವುದು ವಿನಿಮಯದ್ದು, ಯಾವುದು ತಾನಾಗಿ ಬಂದದ್ದು ಎಂದು ಗುರುತಿಸಿ. ಹಿಂದೆ ಎಸ್‌ಇಒ ಮಾಡಿಸಿದ್ದರೆ ಅವರ ಹಳೆಯ ವರದಿ, ಬಿಲ್ಲುಗಳನ್ನು ಹೊರತೆಗೆಯಿರಿ. ಕೊಂಡ ಲಿಂಕ್‌ಗಳ ಪಟ್ಟಿ ಅಲ್ಲೇ ಇರುತ್ತದೆ.

ಎರಡು: ಆ ತಾಣಗಳ ಮಾಲೀಕರಿಗೆ ಬರೆದು ಲಿಂಕ್ ತೆಗೆಯಲು, ಇಲ್ಲವೇ ನೋಫಾಲೋ ಅಥವಾ ಸ್ಪಾನ್ಸರ್ಡ್ ಗುರುತು ಸೇರಿಸಲು ಕೇಳಿ. ಯಾರಿಗೆ ಯಾವತ್ತು ಬರೆದಿರಿ, ಉತ್ತರ ಏನು ಬಂತು ಎಂಬುದನ್ನು ಅದೇ ಸ್ಪ್ರೆಡ್‌ಶೀಟ್‌ನಲ್ಲಿ ದಾಖಲಿಸಿ. ಲಿಂಕ್ ತೆಗೆಯಲೂ ದುಡ್ಡು ಕೇಳುವವರು ಇದ್ದಾರೆ. ಕೊಡಬೇಕಾಗಿಲ್ಲ, ಅದನ್ನೂ ದಾಖಲಿಸಿ.

ಮೂರು: ಎಷ್ಟು ಪ್ರಯತ್ನಿಸಿದರೂ ತೆಗೆಸಲಾಗದ ಲಿಂಕ್‌ಗಳಿಗೆ 2012ರ ಅಕ್ಟೋಬರ್‌ನಲ್ಲಿ ಗೂಗಲ್ ಕೊಟ್ಟ ‘ಡಿಸಅವೊ’ ಸಾಧನ ಇದೆ. ‘ಈ ಲಿಂಕ್‌ಗಳನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಹೇಳುವ ಸರಳ ಟೆಕ್ಸ್ಟ್ ಫೈಲ್ ಅದು. ಸಾಲಿಗೊಂದು ವಿಳಾಸ, ಇಡೀ ತಾಣವನ್ನೇ ಬಿಡಬೇಕಾದರೆ ‘ಡೊಮೇನ್’ ಎಂದು ಇಂಗ್ಲಿಷಿನಲ್ಲಿ ಬರೆದು ಕೋಲನ್ ಹಾಕಿ ತಾಣದ ಹೆಸರು. ಗರಿಷ್ಠ ಒಂದು ಲಕ್ಷ ಸಾಲು, 2 ಎಂಬಿ. ಕನ್ಸೋಲ್‌ನಲ್ಲಿ ‘ಡೊಮೇನ್ ಪ್ರಾಪರ್ಟಿ’ಯಾಗಿ ಮಾತ್ರ ತಾಣ ಸೇರಿಸಿದವರಿಗೆ ಈ ಸಾಧನ ನಡೆಯುವುದಿಲ್ಲ. ‘ಯುಆರ್‌ಎಲ್ ಪ್ರಿಫಿಕ್ಸ್’ ಆಗಿ ಇನ್ನೊಮ್ಮೆ ಸೇರಿಸಿಕೊಳ್ಳಬೇಕು.

ನಾಲ್ಕು: ಮರುಪರಿಶೀಲನೆಗೆ ಅರ್ಜಿ ಹಾಕಿ. ಏನು ನಡೆದಿತ್ತು, ಸರಿಪಡಿಸಲು ಏನು ಮಾಡಿದಿರಿ, ಫಲ ಏನಾಯಿತು, ಈ ಮೂರನ್ನು ನೇರವಾಗಿ ಬರೆಯಿರಿ. ಉತ್ತರಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳು ಹಿಡಿಯುತ್ತವೆ. ಅರ್ಜಿ ತಿರಸ್ಕೃತವಾದರೆ ಉಳಿದ ಲಿಂಕ್‌ಗಳನ್ನು ತೆಗೆಸಿ ಮತ್ತೆ ಹಾಕಬಹುದು. ಉತ್ತರ ಬರುವ ಮುನ್ನ ಮತ್ತೆ ಮತ್ತೆ ಹಾಕುವುದರಿಂದ ಉಪಯೋಗವಿಲ್ಲ.

ಹಾಡಿನ ಸಾಹಿತ್ಯದ ತಾಣ ರ‍್ಯಾಪ್ ಜೀನಿಯಸ್ 2013ರ ಕ್ರಿಸ್‌ಮಸ್ ದಿನ ಶಿಕ್ಷೆಗೊಳಗಾಯಿತು. ತನ್ನ ಪುಟಗಳಿಗೆ ಲಿಂಕ್ ಹಾಕಿದ ಬ್ಲಾಗಿಗರನ್ನು ತನ್ನ ಟ್ವಿಟರ್ ಖಾತೆಯಲ್ಲಿ ಪ್ರಚಾರ ಮಾಡುತ್ತೇನೆಂದು ಅದು ಹೇಳಿತ್ತು. ತಾಣದ ಸ್ಥಾಪಕರು ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು, ಪ್ರೋಗ್ರಾಂ ಬರೆದು ತಮಗೆ ಬಂದ ಲಿಂಕ್‌ಗಳನ್ನೆಲ್ಲ ಜಾಲಾಡಿ ಅಸಹಜವಾದವನ್ನು ತೆಗೆಸಿದರು. ಜನವರಿ 4ರ ಹೊತ್ತಿಗೆ ತಾಣ ಮರಳಿತು. ಅವರ ಬಳಿ ಎಂಜಿನಿಯರ್‌ಗಳಿದ್ದರು, ಪತ್ರಿಕೆಗಳ ಗಮನವೂ ಇತ್ತು. ಪೆನ್ನಿಗಾದರೂ ಸುಮಾರು ಮೂರು ತಿಂಗಳು ಹಿಡಿಯಿತು. ತಾಣವನ್ನೇ ನಂಬಿಕೊಂಡ ಸಣ್ಣ ವ್ಯಾಪಾರಿಗೆ ಮೂರು ತಿಂಗಳೆಂದರೆ ಒಂದು ಇಡೀ ಸೀಸನ್.

ಪ್ರತಿಸ್ಪರ್ಧಿ ಬೇಕೆಂದೇ ನಿಮ್ಮ ತಾಣಕ್ಕೆ ಕೆಟ್ಟ ಲಿಂಕ್ ಹಾಕಿಸಿದರೆ ಏನು ಗತಿ ಎಂಬ ಭಯ ಅನೇಕರಿಗಿದೆ. ಪ್ರತಿ ತಾಣಕ್ಕೂ ಅಪರಿಚಿತ ಕಸದ ಲಿಂಕ್‌ಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಬಹುಪಾಲನ್ನು ಗೂಗಲ್ ತಾನೇ ಕಡೆಗಣಿಸುತ್ತದೆ. ನೋಟಿಸ್ ಬಂದಿಲ್ಲ, ನೀವು ಕೊಂಡೂ ಇಲ್ಲ ಎಂದರೆ ಡಿಸಅವೊ ತಂಟೆಗೆ ಹೋಗಬೇಡಿ. ಅವಸರದಲ್ಲಿ ಒಳ್ಳೆಯ ಲಿಂಕ್‌ಗಳನ್ನೇ ಕಳೆದುಕೊಳ್ಳುವ ಅಪಾಯ ಇದೆ.

ಎಸ್‌ಇಒ ಕೆಲಸ ವಹಿಸುವ ಮುನ್ನ

ಹೋಮ್‌ಸ್ಟೇ, ಕ್ಲಿನಿಕ್, ಸೀರೆ ಅಂಗಡಿ, ಕೋಚಿಂಗ್ ಸೆಂಟರ್ ನಡೆಸುವವರಿಗೆ ಈ ಕೆಲಸ ಮಾಡಲು ಸಮಯವಿಲ್ಲ. ಏಜೆನ್ಸಿಗೆ ಒಪ್ಪಿಸುತ್ತಾರೆ. ಒಪ್ಪಿಸುವುದರಲ್ಲಿ ತಪ್ಪಿಲ್ಲ. ಆದರೆ ಮೊದಲು ಕೆಲವನ್ನು ಕೇಳಲೇಬೇಕು. ಲಿಂಕ್ ಯಾವ ತಾಣಗಳಿಂದ ಬರುತ್ತದೆ, ಪ್ರತಿ ತಿಂಗಳು ಪೂರ್ಣ ವಿಳಾಸಗಳ ಪಟ್ಟಿ ಕೊಡುತ್ತೀರಾ? ಆ ತಾಣದವರು ನಮಗೆ ಯಾಕೆ ಲಿಂಕ್ ಕೊಡುತ್ತಾರೆ? ಹಣ ಕೊಡುವುದಾದರೆ ಸ್ಪಾನ್ಸರ್ಡ್ ಗುರುತು ಹಾಕಿಸುತ್ತೀರಾ? ‘ತಿಂಗಳಿಗೆ ಐನೂರು ಬ್ಯಾಕ್‌ಲಿಂಕ್’ ಎಂದು ಸಂಖ್ಯೆಯಲ್ಲೇ ಮಾತಾಡುವವರನ್ನು, ಮೊದಲ ಸ್ಥಾನದ ಗ್ಯಾರಂಟಿ ಕೊಡುವವರನ್ನು, ಪಟ್ಟಿ ಕೊಡಲು ಒಪ್ಪದವರನ್ನು ಬಿಟ್ಟುಬಿಡಿ. ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿ ಕೊಡಲು ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲೇ ಹೇಳುತ್ತದೆ. ಡೊಮೇನ್ ಮತ್ತು ಸರ್ಚ್ ಕನ್ಸೋಲ್‌ನ ಮಾಲೀಕತ್ವ ನಿಮ್ಮ ಇಮೇಲ್‌ನಲ್ಲೇ ಇರಲಿ. ಏಜೆನ್ಸಿಗೆ ಬಳಕೆದಾರರ ಅನುಮತಿ ಕೊಟ್ಟರೆ ಸಾಕು. ನೋಟಿಸ್ ಬಂದರೆ ಮೊದಲು ನಿಮಗೆ ಗೊತ್ತಾಗಬೇಕು.

ಲಿಂಕ್‌ಗಳ ಪ್ರಾಮುಖ್ಯವೂ ಮೊದಲಿನಷ್ಟಿಲ್ಲ. ಅವು ಮೊದಲ ಮೂರು ಅಂಶಗಳಲ್ಲಿ ಸೇರುವುದಿಲ್ಲ, ಜನ ಅವಕ್ಕೆ ಅತಿಯಾದ ಮಹತ್ವ ಕೊಡುತ್ತಾರೆ ಎಂದು ಗೂಗಲ್‌ನ ಗ್ಯಾರಿ ಇಲ್ಯೆಸ್ 2023ರಲ್ಲಿ ಹೇಳಿದ್ದಾರೆ. ಲಿಂಕ್‌ಗೆ ಎತ್ತಿಟ್ಟ ಹಣದಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ ಬೇಕಾದಷ್ಟಿದೆ. ಮಲೆನಾಡಿನ ಹೋಮ್‌ಸ್ಟೇ ತನ್ನ ಸುತ್ತಲಿನ ಚಾರಣದ ದಾರಿ, ಬಸ್ಸಿನ ವೇಳೆ, ಮಳೆಗಾಲದಲ್ಲಿ ಮುಚ್ಚುವ ರಸ್ತೆಗಳ ಬಗ್ಗೆ ಪ್ರತಿ ವರ್ಷ ಹೊಸದಾಗಿ ಪರಿಶೀಲಿಸಿದ ಒಂದು ಪುಟ ಮಾಡಿದರೆ, ಅತ್ತ ಹೋಗುವ ಚಾರಣಿಗರು ಯಾರೂ ಕೇಳದೆಯೇ ಅದಕ್ಕೆ ಲಿಂಕ್ ಕೊಡುತ್ತಾರೆ. ಕನ್ನಡದಲ್ಲಿ ಇಂಥ ನಂಬಬಹುದಾದ ಪುಟಗಳಿಗೆ ಇನ್ನೂ ಬಹಳ ಜಾಗ ಇದೆ.

ತಾಣ ನಡೆಸುವವರು ಕೊಡುವ ಒಂದೊಂದು ಲಿಂಕೂ ಓದುಗನಿಗೆ ‘ಇದು ನಿಮಗೆ ಉಪಯೋಗಕ್ಕೆ ಬರುತ್ತದೆ, ನಾನು ನೋಡಿದ್ದೇನೆ’ ಎಂದು ಹೇಳಿದ ಮಾತು. ಆ ಮಾತಿಗೆ ಹಣ ಪಡೆದಿದ್ದರೆ ಪಡೆದೆ ಎಂದು ಹೇಳೋಣ. ಹೇಳಲು ಮನಸ್ಸಾಗದಂಥ ಲಿಂಕ್ ಆಗಿದ್ದರೆ ಹಾಕದೆ ಇರೋಣ. ಗೂಗಲ್‌ನ ನಿಯಮಗಳು ನಾಳೆ ಬದಲಾಗಬಹುದು, ಹೊಸ ಅಲ್ಗಾರಿದಂ ಬರಬಹುದು. ಈ ಎರಡನ್ನು ಪಾಲಿಸಿದವರ ತಾಣಕ್ಕೆ ತಾನು ಕೊಟ್ಟ ಲಿಂಕಿನ ಕಾರಣದಿಂದ ಶಿಕ್ಷೆ ಬೀಳುವ ಸಂದರ್ಭವೇ ಬರುವುದಿಲ್ಲ.